ಮೊಣಕೈ ಕೆಳಗಿನ ಕೈ

೨೧ ನವೆಂಬರ್

ಥೆರಪಿಸ್ಟ್ ಮೇಡಂ ಅವರಿಗೆ ನಮಸ್ಕಾರ.

ನಾನು ಯಾರೆಂದು ನಿಮಗೆ ನೆನಪಾಗಲಿಕ್ಕಿಲ್ಲ. ಹೋದ ವಾರ ನಿಮ್ಮ ಕೋಣೆಯ ಕೆಂಪು ಚಾಪೆಯ ಮೇಲೆ ಕೂತು ಮಗುವಿಗಿಂತ ಹೆಚ್ಚು ಅತ್ತವಳು ಎಂದರೆ ಹೊಳೆಯಬಹುದು. ಅಥವಾ ಅಲ್ಲಿಗೆ ಬರುವ ತಾಯಂದಿರೆಲ್ಲ ಹಾಗೇ ಅಳುತ್ತಾರೋ ಏನೋ. ಮಗುವಿನ ಗುರುತು ಹೇಳುತ್ತೇನೆ. ಮೂರು ತಿಂಗಳ ಹೆಣ್ಣು, ಹುಟ್ಟುವಾಗಲೇ ನಾಲ್ಕೂವರೆ ಕಿಲೋ ತೂಗಿ ಗುಂಡಮ್ಮ ಎಂಬ ಬಿರುದು ಗಿಟ್ಟಿಸಿಕೊಂಡವಳು. ಆ ತೂಕವೇ ಅವಳಿಗೆ ಮುಳುವಾಯಿತು. ತಲೆ ಬಂದ ಮೇಲೆ ಭುಜ ಸಿಕ್ಕಿಕೊಂಡಿತು. ಹೊರಗೆ ತೆಗೆಯುವಷ್ಟರಲ್ಲಿ ಕತ್ತಿನಿಂದ ತೋಳಿಗೆ ಇಳಿಯುವ ನರಗಳು ಜಗ್ಗಿಹೋದವು. ಎಡಗೈ ಬೆರಳುಗಳು ಆಡುತ್ತವೆ, ನನ್ನ ಬೆರಳು ಸಿಕ್ಕರೆ ಬಿಡುವುದೇ ಇಲ್ಲ, ಆದರೆ ಮೊಣಕೈ ಮಡಚುವುದಿಲ್ಲ, ತೋಳು ಮೇಲೇಳುವುದಿಲ್ಲ.

ನೀವು ಫೋನ್ ನಂಬರ್ ಕೊಡಲಿಲ್ಲ, ವಿಳಾಸ ಕೊಟ್ಟಿರಿ. "ಫೋನಲ್ಲಿ ನೀವು ಅಳ್ತೀರಿ, ನಾನು ಸಮಾಧಾನ ಮಾಡ್ತೀನಿ, ಕೈ ವಿಷಯ ಮಾತ್ರ ಇಬ್ರೂ ಮಾತಾಡಲ್ಲ. ಕಾಗದ ಬರೀರಿ. ಕೈ ಏನು ಮಾಡ್ತು ಅಂತ ಬರೀರಿ. 'ಚೆನ್ನಾಗಿದೆ', 'ಪರವಾಗಿಲ್ಲ', ಈ ಎರಡು ಮಾತು ನನ್ನ ಹತ್ರ ನಡೆಯಲ್ಲ" ಎಂದಿರಿ. ರೈಲಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ನನ್ನ ಗಂಡ ನಗುತ್ತಿದ್ದರು. "ಔಷಧಿ ಚೀಟಿ ಬರೆಯೋ ಡಾಕ್ಟ್ರನ್ನ ನೋಡಿದ್ದೆ. ನಮ್ಮ ಕೈಲೇ ಬರೆಸೋರನ್ನ ಇವತ್ತೇ ನೋಡಿದ್ದು!"

ನಗಲಿ ಬಿಡಿ. ನಾನು ಬರೆಯುತ್ತಿರುವುದು ಮುಖ್ಯವಾಗಿ ಉಪಕಾರ ಸ್ಮರಿಸಲು. ನಿಮ್ಮಲ್ಲಿಗೆ ಬರುವ ಮುಂಚೆ ತೋರಿಸಿದ ಕಡೆಯಲ್ಲೆಲ್ಲ ಕೈಯನ್ನು ಎತ್ತಿ, ಬಿಟ್ಟು, ಅದು ಧೊಪ್ಪನೆ ಬಿದ್ದದ್ದನ್ನು ನೋಡಿ "ಹೂಂ" ಎಂದವರೇ. ನೀವೊಬ್ಬರು ಮಗುವಿನ ಎದುರಿಗೆ ಬೋರಲಾಗಿ ಮಲಗಿ, ಗಿಲಕಿ ಆಡಿಸುತ್ತ, ಅವಳು ತಾನಾಗಿ ಏನು ಮಾಡುತ್ತಾಳೆಂದು ಸುಮ್ಮನೆ ನೋಡಿದಿರಿ. ಆಮೇಲೆ ನನ್ನ ಅಂಗೈ ಹಿಡಿದು ಅವಳ ಮೊಣಕೈ ಕೆಳಗೆ ಇಟ್ಟು, "ಎತ್ತಿಕೊಳ್ಳುವಾಗ, ಹಾಲು ಕುಡಿಸುವಾಗ ಈ ಕೈ ಜೋತಾಡೋಕೆ ಬಿಡಬೇಡಿ, ಹೀಗೆ ಆಸರೆ ಕೊಡಿ" ಎಂದು ಕಲಿಸಿದಿರಿ. ಹೆರಿಗೆಯಾದಂದಿನಿಂದ ಎಲ್ಲರೂ ನನಗೆ ಧೈರ್ಯ ಕೊಟ್ಟಿದ್ದರು. ಕೆಲಸ ಕೊಟ್ಟವರು ನೀವೇ ಮೊದಲು. ಆ ಕೆಲಸವನ್ನು ನಾನು ಕಣ್ಣು ಮುಚ್ಚಿಕೊಂಡೂ ಮಾಡುತ್ತೇನೆ. ನಿದ್ದೆ ಅಂತ ಒಂದು ಬಂದರೆ ನಿದ್ದೆಯಲ್ಲೂ ಮಾಡಿಯೇನು.

ಕೈ ಏನು ಮಾಡಿತು: ಬೆರಳು ಮುಚ್ಚಿತು, ತೆರೆಯಿತು. ಸ್ನಾನದ ನೀರಿನಲ್ಲಿ ಮಣಿಕಟ್ಟು ಸ್ವಲ್ಪ ತಿರುಗಿತು. ಅಷ್ಟೇ.

ನಿಮ್ಮ ಋಣಿ,
ಗುಂಡಮ್ಮನ ಅಮ್ಮ


೪ ಡಿಸೆಂಬರ್

ಗುಂಡಮ್ಮನ ಅಮ್ಮನಿಗೆ,

ನೆನಪಿದೆ. ಎಲ್ಲ ತಾಯಂದಿರೂ ಅಳುತ್ತಾರೆ, ಆದರೆ ಅಳುತ್ತಲೇ ಚಾಪೆಯನ್ನು ಒರೆಸಿ ಹೋದವರು ನೀವೊಬ್ಬರೇ.

ಮುಂದಿನ ದಾರಿ ಹೇಳಿಬಿಡುತ್ತೇನೆ. ಒಂಬತ್ತು ತಿಂಗಳು ತುಂಬಿದಾಗ ಬನ್ನಿ. ಮಗುವಿನ ಮೇಲ್ದೋಳನ್ನು ಪಕ್ಕೆಗೆ ಮೆಲ್ಲಗೆ ಒತ್ತಿ ಹಿಡಿದು, ಆ ಕೈಗೆ ಒಂದು ಬಿಸ್ಕತ್ತು ಕೊಡುತ್ತೇವೆ. ಕತ್ತನ್ನು ಹೆಚ್ಚು ಬಗ್ಗಿಸದೆ ತಾನೇ ಬಾಯಿಗೆ ಒಯ್ದರೆ ನರ ತಾನಾಗಿ ಚೇತರಿಸಿಕೊಳ್ಳುತ್ತಿದೆ ಎಂದು ಬಿಟ್ಟುಬಿಡುತ್ತೇವೆ. ಒಯ್ಯದಿದ್ದರೆ ಆಪರೇಷನ್, ಕಾಲಿನಿಂದ ಒಂದು ನರ ತೆಗೆದು ಕತ್ತಿನ ಹತ್ತಿರ ಜೋಡಿಸುತ್ತಾರೆ. ಅದನ್ನು ಮುಂದಕ್ಕೆ ಹಾಕಿಕೊಂಡು ಕೂರುವ ಹಾಗಿಲ್ಲ. ನರ ಬರುತ್ತದೆಂದು ಸ್ನಾಯು ತುಂಬ ಕಾಲ ಕಾದುಕೊಂಡಿರುವುದಿಲ್ಲ, ಬಡಕಲಾಗಿಬಿಡುತ್ತದೆ.

ಕಾಗದ ತಪ್ಪಿಸಬೇಡಿ. ಉಪಕಾರ ಸ್ಮರಣೆಗೆ ಒಂದು ಸಾಲು ಸಾಕು, ಕೈಗೆ ಒಂದು ಪುಟ ಕೊಡಿ.

ಥೆರಪಿಸ್ಟ್


೧೨ ಜನವರಿ

ಮೇಡಂ,

ಒಂದು ಸಾಲು: ನಿಮಗೆ ತುಂಬ ತುಂಬ ಧನ್ಯವಾದ. (ನಿಜಕ್ಕೂ ಇದು ಒಂದೇ ಸಾಲು.)

ನಿಮ್ಮ ಕಾಗದ ಓದಿದ ಮೇಲೆ ನನಗೆ ಬಿಸ್ಕತ್ತಿನ ಪೊಟ್ಟಣ ನೋಡಿದರೆ ಎದೆ ಢವಢವ ಅನ್ನುತ್ತದೆ. ಕಾಲಿನಿಂದ ನರ ತೆಗೆಯುವುದೆಂದರೆ ಅವಳ ಕಾಲಿಗೆ ಏನೂ ಆಗುವುದಿಲ್ಲವೇ ಎಂದು ಕೇಳಬೇಕೆಂದಿದ್ದೆ; ಕೇಳುವುದಿಲ್ಲ, ಏಕೆಂದರೆ ಅದರ ಅಗತ್ಯವೇ ಬರುವುದಿಲ್ಲ ಎಂದುಕೊಂಡಿದ್ದೇನೆ. ಅತ್ತೆ ನನ್ನ ಪಕ್ಕ ಕೂತು ಬಟ್ಟೆ ಮಡಚುತ್ತ, "ಆ ಮೇಡಂಗೆ ನೀನು ಬರೆಯೋದು ನೋಡಿದ್ರೆ, ನನ್ನ ಮಗನಿಗೆ ಮದುವೆಗೆ ಮುಂಚೆ ಒಂದು ಚೀಟಿನಾದ್ರೂ ಬರೆದಿದ್ಯೋ ಇಲ್ವೋ ಅಂತ ಅನುಮಾನ ಬರುತ್ತೆ ಕಣೇ" ಎನ್ನುತ್ತಿದ್ದಾರೆ. ಬರೆದಿರಲಿಲ್ಲ. ಬರೆಯುವಂಥದ್ದೇನೂ ಆಗಿರಲಿಲ್ಲ.

ಕೈ ಏನು ಮಾಡಿತು: ಈಗ ಅವಳು ಎಡಗೈ ಬೆರಳನ್ನು ಚೀಪುತ್ತಾಳೆ! ನಾನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾಗ ಮೊಣಕೈ ಮಡಚಿದ ಹಾಗೆ ಆಗಿ, ಕೈ ನಿಧಾನವಾಗಿ ಬಾಯಿಯ ತನಕ ಬಂತು. ಮೊದಲು ಹೆಬ್ಬೆರಳು, ಆಮೇಲೆ ತೋರುಬೆರಳು. ಅತ್ತೆಯ ತೊಡೆಯ ಮೇಲೂ ಹಾಗೇ ಮಾಡಿದಳು. ನನ್ನ ಗಂಡ ಪ್ರೆಸ್ಸಿನ ಪಾಳಿ ಮುಗಿಸಿ ಬಂದವರು, ಕೈಗೆ ಹತ್ತಿದ ಮಸಿಯನ್ನೂ ತೊಳೆಯದೆ ನಿಂತು ನೋಡಿದರು.

ಗುಂಡಮ್ಮನ ಅಮ್ಮ


೨೩ ಜನವರಿ

ಗುಂಡಮ್ಮನ ಅಮ್ಮನಿಗೆ,

"ಮಡಚಿದ ಹಾಗೆ ಆಗಿ" ಎಂದರೆ ಮಡಚಿತೋ, ಇಲ್ಲವೋ? ನನ್ನ ಚಾಪೆಯ ಮೇಲೆ "ಹಾಗೆ" ಎಂಬ ಚಲನೆ ಇಲ್ಲ.

ನೆಲದ ಮೇಲೆ ಅಂಗಾತ ಮಲಗಿದ್ದಾಗ ಆ ಕೈಯನ್ನು ಚೀಪುತ್ತಾಳೆಯೇ? ನೋಡಿ ಬರೆಯಿರಿ.

ಅತ್ತೆಯವರಿಗೆ ನಮಸ್ಕಾರ ತಿಳಿಸಿ. ಅವರ ಅನುಮಾನ ಸರಿಯಾಗಿದೆ.

ಥೆರಪಿಸ್ಟ್


೧೮ ಮಾರ್ಚ್

ಮೇಡಂ! ಮೇಡಂ! ಮೇಡಂ!

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕ್ಷಮಿಸಿ. ಗುಂಡಮ್ಮನಿಗೆ ಹಲ್ಲು ಬರುತ್ತಿತ್ತು; ಅವಳಿಗೂ ನಿದ್ದೆಯಿಲ್ಲ, ನನಗೂ ಇಲ್ಲ, ಗೋಡೆಯಾಚೆಯ ಮನೆಯವರಿಗೂ ಇಲ್ಲ. ನೀವು ಜನವರಿಯಲ್ಲಿ ಏನೋ ಕೇಳಿದ್ದಿರಿ, ಈಗ ಅದಕ್ಕೆ ಉತ್ತರ ಬೇಕಾಗಿಯೇ ಇಲ್ಲ. ಯಾಕೆಂದು ಹೇಳುತ್ತೇನೆ.

ನಿನ್ನೆ ಬೆಳಗ್ಗೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಲಗೈಯಿಂದ ಅವಳ ಎಡಗೈಗೆ ಒಂದು ಬಿಸ್ಕತ್ತು ಕೊಟ್ಟೆ. ಗಟ್ಟಿಯಾಗಿ ಹಿಡಿದಳು. ನೋಡಿದಳು. ಮೆಲ್ಲಮೆಲ್ಲಗೆ, ಲಿಫ್ಟು ಮೇಲೇರುವ ಹಾಗೆ, ಕೈ ಮೇಲಕ್ಕೆ ಬಂತು. ಬಾಯಿಗೆ ಹೋಯಿತು. ಕಚ್ಚಿದಳು! ಕತ್ತು ಬಗ್ಗಿಸಲಿಲ್ಲ ಮೇಡಂ, ಅದನ್ನು ಬೇಕೆಂದೇ ನೋಡಿದೆ. ಇವತ್ತು ಮತ್ತೆ ಕೊಟ್ಟೆ, ಮತ್ತೆ ತಿಂದಳು. ಅತ್ತೆ ಕೊಟ್ಟಾಗಲೂ ತಿಂದಳು.

ಅತ್ತೆ ಮೆಟ್ಟಿಲಿನಲ್ಲಿ ನಿಂತು ಕೆಳಗಿನ ಮನೆಯವರಿಂದ ಹಿಡಿದು ಹಾಲಿನವನ ತನಕ ಎಲ್ಲರಿಗೂ "ಆಪರೇಷನ್ ಬೇಡವಂತೆ, ನಮ್ಮ ಹುಡುಗಿ ತಾನೇ ತಿಂತಾಳೆ" ಎಂದು ಸಾರಿಬಿಟ್ಟಿದ್ದಾರೆ. ನನ್ನ ಗಂಡ ಮೇ ತಿಂಗಳಿಗೆಂದು ಕೇಳಿಟ್ಟಿದ್ದ ರಜೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟರು.

ಈ ಮನೆಯಲ್ಲಿ ಇವತ್ತು ನಗು ಕೇಳಿಸುತ್ತಿದ್ದರೆ ಅದಕ್ಕೆ ನೀವೇ ಕಾರಣ. ನೀವು ಕಲಿಸಿದ್ದನ್ನು ಒಂದು ದಿನವೂ ಬಿಡದೆ ಮಾಡಿದೆವು, ಅದರ ಫಲ ಇದು. ನಿಮಗೆ ಹೇಗೆ ಕೃತಜ್ಞತೆ ಹೇಳಲಿ? ಒಂದು ಸಾಲಿನಲ್ಲಿ ಹೇಳಿ ಎನ್ನಬೇಡಿ, ಈ ಸಲ ಆಗುವುದಿಲ್ಲ.

ಒಂದು ಮಾತು ಕೇಳಲೇ? ಇಷ್ಟು ಚಿಕ್ಕ ಮಗುವನ್ನು ಅಷ್ಟು ದೂರ ರೈಲಿನಲ್ಲಿ ಕರೆತರುವುದು ಕಷ್ಟ. ಪರೀಕ್ಷೆಯಲ್ಲಿ ಮಾಡಬೇಕಾದ್ದನ್ನು ಅವಳು ಮನೆಯಲ್ಲೇ ಮಾಡಿದ್ದಾಳಲ್ಲ. ಮೇ ತಿಂಗಳಲ್ಲಿ ಬರಲೇಬೇಕೇ?

ನಿಮ್ಮ ಎಂದೆಂದಿನ ಋಣಿ,
ಗುಂಡಮ್ಮನ ಅಮ್ಮ


೨೫ ಮಾರ್ಚ್

ಗುಂಡಮ್ಮನ ಅಮ್ಮನಿಗೆ,

ಗುಂಡಮ್ಮ ಬಿಸ್ಕತ್ತು ತಿನ್ನುವಾಗ ನಿಮ್ಮ ಎಡಗೈ ಎಲ್ಲಿತ್ತು?

ಮೇ ತಿಂಗಳಲ್ಲಿ ಬರಲೇಬೇಕು.

ಥೆರಪಿಸ್ಟ್


೩ ಏಪ್ರಿಲ್

ಮೇಡಂ ಅವರಿಗೆ,

ನನ್ನ ಎಡಗೈ ನನ್ನ ಭುಜಕ್ಕೆ ಅಂಟಿಕೊಂಡೇ ಇತ್ತು. ಅದು ಹುಟ್ಟಿದಾಗಿನಿಂದ ಅಲ್ಲೇ ಇದೆ.

ನಿಮ್ಮ ಕಾಗದವನ್ನು ನನ್ನ ಗಂಡ ಒಂದು ಸಲ ಓದಿ, ತಿರುಗಿಸಿ ಹಿಂದೆ ಏನಾದರೂ ಬರೆದಿದ್ದೀರಾ ಎಂದು ನೋಡಿದರು. "ಅಷ್ಟೇನಾ? ಭೇಷ್ ಅಂತ ಒಂದು ಮಾತಿಲ್ವಾ? ಮಗು ಕೈ ಬಿಟ್ಟು ನಿನ್ನ ಕೈ ಪರೀಕ್ಷೆ ಶುರು ಮಾಡಿದ್ರಾ?" ಎಂದರು. ಏಳು ತಿಂಗಳಲ್ಲಿ ಮೊದಲ ಸಲ ನಾನು ಯಾರಿಗೋ ಒಂದು ಒಳ್ಳೆಯ ಸುದ್ದಿ ಬರೆದಿದ್ದೆ. ನಾನು ಸುಳ್ಳು ಬರೆದೆ ಎಂದು ನೀವು ಅನ್ನುತ್ತಿದ್ದೀರಿ, ಅಲ್ಲವೇ? ಮಗುವಿಗೆ ನಾನೇ ತಿನ್ನಿಸಿ, ಅವಳೇ ತಿಂದಳು ಎಂದು ಬರೆದೆ ಎಂದು?

ನೀವು ಮಾಡಿದ ಉಪಕಾರವನ್ನು ಮರೆಯುವುದಿಲ್ಲ. ಆದರೆ ಮೇ ತಿಂಗಳಲ್ಲಿ ನಾವು ಬರುವುದಿಲ್ಲ. ರಜೆ ಇಲ್ಲ.

ಗುಂಡಮ್ಮನ ಅಮ್ಮ


೧೦ ಏಪ್ರಿಲ್

ಗುಂಡಮ್ಮನ ಅಮ್ಮನಿಗೆ,

ನೀವು ಸುಳ್ಳು ಬರೆದಿಲ್ಲ. ಹಾಗೆ ಅನ್ನಿಸಿದ್ದರೆ ನಾನು ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ.

ಬಟ್ಟೆ ಬೀರುವಿಗೆ ಕನ್ನಡಿ ಇದ್ದರೆ, ಅದರ ಮುಂದೆ ಕೂತು ಒಂದು ಬಿಸ್ಕತ್ತು ಕೊಡಿ. ಮಗುವನ್ನು ನೋಡಬೇಡಿ, ನಿಮ್ಮನ್ನು ನೋಡಿಕೊಳ್ಳಿ. ನನ್ನ ಮೇಲೆ ಸಿಟ್ಟಿಟ್ಟುಕೊಂಡೇ ಮಾಡಿದರೂ ಆದೀತು.

ಥೆರಪಿಸ್ಟ್


೨೮ ಏಪ್ರಿಲ್

ಗುಂಡಮ್ಮನ ಅಮ್ಮನಿಗೆ,

ಕಾಗದ ಬಂದಿಲ್ಲ. ಮೇ ಹದಿನೆಂಟರ ಬೆಳಗ್ಗೆ ಗುಂಡಮ್ಮನಿಗೆಂದು ಇಟ್ಟಿದ್ದೇನೆ, ಇನ್ನೊಬ್ಬರಿಗೆ ಕೊಟ್ಟಿಲ್ಲ. ಸರ್ಜನ್‌ಗೂ ಹೇಳಿದ್ದೇನೆ. ಅವರಿಗೆ ಮಕ್ಕಳ ಮುಖ ನೆನಪಿರುವುದಿಲ್ಲ, ಕೈ ನೆನಪಿರುತ್ತದೆ. "ಆ ದಪ್ಪ ಮಣಿಕಟ್ಟಿನ ಹುಡುಗಿ ತಾನೇ?" ಎಂದರು.

ಬನ್ನಿ.

ಥೆರಪಿಸ್ಟ್


೬ ಮೇ

ಮೇಡಂ,

ಕನ್ನಡಿಯ ಮುಂದೆ ಕೂರಿ ಎಂದು ನೀವು ಬರೆದ ಕಾಗದವನ್ನು ಓದಿ ಸಿಟ್ಟಿನಿಂದ ಅಕ್ಕಿ ಡಬ್ಬದ ಮೇಲೆ ಎಸೆದಿದ್ದೆ. ಅದರ ಹಿಂದೆಯೇ ಇನ್ನೊಂದು ಬಂದಾಗ, ನಿಮ್ಮನ್ನು ಸುಳ್ಳು ಮಾಡಿಯೇ ತೀರಬೇಕೆಂದು ಕನ್ನಡಿಯ ಮುಂದೆ ಕೂತೆ. ಇದನ್ನು ಮುಚ್ಚಿಡುವುದಿಲ್ಲ. ಗೆದ್ದು ನಿಮಗೆ ಬರೆಯಬೇಕಾದ ಮೊದಲ ಸಾಲು ಕೂಡ ಮನಸ್ಸಿನಲ್ಲಿ ಸಿದ್ಧವಾಗಿತ್ತು.

ಗುಂಡಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಎಡಗೈಗೆ ಬಿಸ್ಕತ್ತು ಕೊಟ್ಟೆ. ಕೈ ಮೇಲೇರತೊಡಗಿತು. "ನೋಡಿ ಮೇಡಂ, ನೋಡಿ" ಎಂದು ಬಾಯಿಬಿಟ್ಟು ಹೇಳಿದ್ದೆ. ಆಗ ಕನ್ನಡಿಯಲ್ಲಿ ಕಂಡಿತು. ಅವಳ ಮೊಣಕೈ ಕೆಳಗೆ ಒಂದು ಅಂಗೈ ಇತ್ತು. ಅವಳ ಕೈ ಮೇಲೇರಿದ ಹಾಗೆಲ್ಲ ಅದೂ ಏರುತ್ತಿತ್ತು. ಅಲ್ಲ, ಅದು ಏರಿದ್ದಕ್ಕೇ ಅವಳದು ಏರುತ್ತಿತ್ತು. ಬೆರಳಿನಲ್ಲಿ ನನ್ನ ಉಂಗುರ ಇಲ್ಲದಿದ್ದರೆ ಅದು ಬೇರೆ ಯಾರದೋ ಕೈ ಎಂದೇ ನಂಬುತ್ತಿದ್ದೆ. ಮೇಡಂ, ನಾನು ಅದನ್ನು ಅಲ್ಲಿ ಇಟ್ಟದ್ದು ನನಗೆ ಗೊತ್ತೇ ಇರಲಿಲ್ಲ. ಈಗಲೂ ನೆನಪಿಸಿಕೊಂಡರೆ ಅಂಗೈಗೆ ಅವಳ ತೂಕ ತಿಳಿದ ನೆನಪೇ ಇಲ್ಲ.

ಕೈ ತೆಗೆದೆ. ಅವಳ ಕೈ ಬಿಸ್ಕತ್ತಿನ ಸಮೇತ ತೊಡೆಯ ಮೇಲೆ ಬಿತ್ತು. ಕನ್ನಡಿಯಲ್ಲಿ ನನ್ನನ್ನು ನೋಡಿದಳು, ಏನಾಯಿತು ನಿಮ್ಮ ಸರ್ವಿಸ್ಸಿಗೆ ಎನ್ನುವ ಹಾಗೆ. ಸ್ವಲ್ಪ ಹೊತ್ತು ಭುಜ ಎಗರಿಸಿದಳು, ತಲೆಯನ್ನು ಕೆಳಗೆ ತಂದಳು. ಕೊನೆಗೆ ಬಲಗೈಯಿಂದ ಬಿಸ್ಕತ್ತನ್ನು ಕಿತ್ತುಕೊಂಡು ತಿಂದಳು. ಅವಳಿಗೆ ಯಾವ ಬೇಸರವೂ ಇರಲಿಲ್ಲ. ಬೇಸರವೆಲ್ಲ ನನ್ನ ಪಾಲಿನದೇ.

ಅತ್ತೆಯನ್ನು ಕರೆದೆ. ಏನೂ ಹೇಳದೆ ಮಗುವನ್ನು ಕೊಟ್ಟು ಕನ್ನಡಿಯ ಮುಂದೆ ಕೂರಿಸಿದೆ. ಅವರ ಅಂಗೈಯೂ ತಾನಾಗಿ ಹೋಗಿ ಅದೇ ಜಾಗದಲ್ಲಿ ಕೂತಿತು. "ಅತ್ತೆ, ನಿಮ್ಮ ಕೈ ನೋಡಿಕೊಳ್ಳಿ" ಎಂದೆ. "ಏನಾಗಿದೆ ನನ್ನ ಕೈಗೆ?" ಎಂದು ಕೆಳಗೆ ನೋಡಿದರು. ಆಮೇಲೆ ಮೆಲ್ಲಗೆ, "ಅಯ್ಯೋ, ಹಾಲಿನವನಿಗೆಲ್ಲಾ ಹೇಳಿಬಿಟ್ಟೆನಲ್ಲೇ" ಎಂದರು. ಸಂಜೆ ನನ್ನ ಗಂಡ ಬಂದಾಗ ಅವರ ಕೈಗೂ ಮಗುವನ್ನು ಕೊಟ್ಟೆವು. ಅವರದೂ ಅದೇ. ಮೂರು ಜನ ದೊಡ್ಡವರು ಸೇರಿ ಒಂದು ಪುಟ್ಟ ತೋಳನ್ನು ಇಡೀ ದಿನ ಹೊತ್ತುಕೊಂಡು ತಿರುಗುತ್ತಿದ್ದೆವು, ಒಬ್ಬರಿಗೂ ಭಾರ ಅನ್ನಿಸಿರಲಿಲ್ಲ.

ನಾನು ಕೆಮಿಸ್ಟ್ರಿ ಓದಿದವಳು ಮೇಡಂ. ಲ್ಯಾಬಿನಲ್ಲಿ ಬ್ಯೂರೆಟ್ಟೆಂಬ ಗಾಜಿನ ನಳಿಕೆಯಿಂದ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಗುಲಾಬಿ ಬಣ್ಣಕ್ಕೆ ಕಾಯುವಾಗ, ಬಣ್ಣ ಬರುವುದಕ್ಕೆ ಒಂದು ಹನಿ ಮುಂಚೆಯೇ ಗುಲಾಬಿ ಕಂಡುಬಿಡುತ್ತದೆ. ಬೇಕು ಎನ್ನುವ ಕಣ್ಣಿಗೆ ಮೊದಲು ಕಾಣುತ್ತದೆ. ಅದು ಗೊತ್ತಿದ್ದೂ ನಾನು ಇಷ್ಟು ದಿನ ಬರೆದು ಕಳಿಸಿದ್ದು ನನ್ನ ಎಡಗೈಯ ಪ್ರಗತಿ.

ಈಗ ಅತ್ತೆ ಚೀಲ ತೆಗೆದಿದ್ದಾರೆ, ನನ್ನ ಗಂಡ ರಜೆ ಬಿಟ್ಟುಕೊಟ್ಟವರ ಮನೆಗೆ ಹೋಗಿದ್ದಾರೆ, ವಾಪಸು ಕೇಳಲು. ಸಿಗದಿದ್ದರೂ ನಾನು ಮತ್ತು ಅತ್ತೆ ಬರುತ್ತೇವೆ.

ನಾನು ನಿಮಗೆ ಆಡಿದ ಮಾತಿಗೆ ಕ್ಷಮೆ ಕೇಳುವುದಿದೆ. ಎದುರಿಗೆ ಕೇಳುತ್ತೇನೆ. ಇನ್ನೂ ಸಮಯ ಇದೆಯೇ ಮೇಡಂ? ಅದೊಂದನ್ನು ಬರೆಯಿರಿ.

ಗುಂಡಮ್ಮನ ಅಮ್ಮ


೧೦ ಮೇ

ಗುಂಡಮ್ಮನ ಅಮ್ಮನಿಗೆ,

ಸಮಯ ಇದೆ.

ಕ್ಷಮೆ ಎದುರಿಗೂ ಬೇಡ. "ಮೊಣಕೈ ಕೆಳಗೆ ಆಸರೆ ಕೊಡಿ" ಎಂದು ನಿಮ್ಮ ಅಂಗೈಯನ್ನು ಅಲ್ಲಿ ಇಟ್ಟವಳು ನಾನು. ಯಾವಾಗ ತೆಗೆಯಬೇಕೆಂದು ಹೇಳಲಿಲ್ಲ. ಹೇಳದೇ ಇದ್ದರೂ ತೆಗೆಯುತ್ತಾರೆ ಎಂದುಕೊಂಡಿದ್ದೆ. ನೀವು ಅರ್ಧಂಬರ್ಧ ಕೇಳುವವರಲ್ಲ ಎಂದು ಗೊತ್ತಿರಲಿಲ್ಲ. ಜನವರಿಯ ಕಾಗದದಲ್ಲೇ ನನಗೆ ಅನುಮಾನ ಬಂತು. ಮಗು ಯಾವಾಗಲೂ ಯಾರದೋ ತೊಡೆಯ ಮೇಲಿರುತ್ತಿತ್ತು. ಬಿಡಿಸಿ ಬರೆಯಲಿಲ್ಲ. ಬರೆದರೆ ನೀವು ಹೆದರಿ, ಮುಂದಿನ ಕಾಗದಗಳಲ್ಲಿ ನನಗೆ ಬೇಕಾದ್ದನ್ನೇ ಕಾಣುತ್ತೀರಿ ಎಂದು ಸುಮ್ಮನಿದ್ದೆ. ನಾನು ಹೊಗಳದಿರುವುದೂ ಅದಕ್ಕೇ. ಹೊಗಳಿದರೆ ಕಾಗದ ನನ್ನನ್ನು ಮೆಚ್ಚಿಸಲು ಬರತೊಡಗುತ್ತದೆ.

ಈಗ ಮಾತ್ರ ಒಂದು ಸಾಲು ಬರೆಯುತ್ತೇನೆ. ನಿಮ್ಮ ಆರನೇ ತಾರೀಖಿನ ಕಾಗದದಷ್ಟು ಸರಿಯಾಗಿ ಕೈಯನ್ನು ನೋಡಿದ ಕಾಗದ ನನಗೆ ಈವರೆಗೆ ಯಾರೂ ಬರೆದಿಲ್ಲ. ಧನ್ಯವಾದ.

ಥೆರಪಿಸ್ಟ್


೨೬ ಜೂನ್

ಮೇಡಂ,

ಮನೆ ತಲುಪಿದೆವು. ಗುಂಡಮ್ಮನ ತೋಳು ಇನ್ನೂ ಎದೆಗೆ ಕಟ್ಟಿಯೇ ಇದೆ. ಕಾಲಿನ ಹೊಲಿಗೆ ಒಣಗಿದೆ, ಆ ಕಾಲಿನಲ್ಲೇ ನನ್ನನ್ನು ಒದೆಯುತ್ತಾಳೆ.

ನಿಮಗೆ ಗೊತ್ತಿರುವುದನ್ನು ಬರೆಯುವುದಿಲ್ಲ, ನೀವು ನೋಡದೇ ಇದ್ದದ್ದನ್ನು ಬರೆಯುತ್ತೇನೆ. ಪರೀಕ್ಷೆಯ ದಿನ "ನಿಮ್ಮ ಕೈ ಮೇಲೆ ನೀವೇ ಕೂತುಕೊಳ್ಳಿ" ಎಂದಿರಿ, ಕೂತೆ. ಅವಳ ಕೈಯಿಂದ ಬಿಸ್ಕತ್ತು ಚಾಪೆಗೆ ಬಿದ್ದು ಉರುಳಿದಾಗಲೆಲ್ಲ ನನ್ನ ಎಡಗೈ ನನ್ನ ತೊಡೆಯ ಕೆಳಗೆ ತಾನಾಗಿ ಮೇಲೇಳಲು ನೋಡುತ್ತಿತ್ತು. ಆಮೇಲೆ ನೀವು ಸರ್ಜನ್‌ಗೆ "ಒಯ್ಯಲಿಲ್ಲ" ಎಂದಷ್ಟೇ ಹೇಳಿದಿರಿ. ನಾನು ತಿಂಗಳುಗಟ್ಟಲೆ ಹೆದರಿದ್ದು ಆ ಒಂದು ಮಾತಿಗೆ. ಕೇಳಿದಾಗ ಮಾತ್ರ ಹಗುರ ಅನ್ನಿಸಿತು. ಆ ಹೊತ್ತಿಗೆ ಕೋಣೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಎಲ್ಲರೂ ನೋಡಿದ್ದರು.

ಆಪರೇಷನ್ನಿನ ದಿನ ಕಾರಿಡಾರಿನಲ್ಲಿ ಅತ್ತೆ ಸರ್ಜನ್ ಅವರನ್ನು ಅಡ್ಡಹಾಕಿದರು. "ಡಾಕ್ಟ್ರೇ, ಒಂದು ಕೇಳ್ತೀನಿ, ನಗಬಾರದು. ಕಾಲಿನ ನರ ತೆಗೆದು ಕೈಗೆ ಹಾಕಿದ್ರೆ, ಮುಂದೆ ಕೂಸು ಕೈಯಲ್ಲಿ ನಡೆಯೋಕೆ ಹೋಗುತ್ತಾ?" ಅವರು ನಗಲಿಲ್ಲ. ಗಂಭೀರವಾಗಿ, "ಹೋದ್ರೆ ನನಗೆ ಹೇಳಿ ಕಳಿಸಿ ಅಮ್ಮಾ, ದೊಡ್ಡ ಸುದ್ದಿ ಆಗುತ್ತೆ. ಅದು ಬರೀ ಚರ್ಮಕ್ಕೆ ಸ್ಪರ್ಶ ಹೇಳೋ ನರ. ಪಾದದ ಅಂಚು ಸ್ವಲ್ಪ ಮರಗಟ್ಟಿದ ಹಾಗಿರುತ್ತೆ, ಅಷ್ಟೇ. ಇಲ್ಲಿ ಅದು ದಾರಿ ಮಾತ್ರ, ಅದರೊಳಗೆ ಕೈಯ ನರಾನೇ ಬೆಳೆದುಕೊಂಡು ಹೋಗುತ್ತೆ" ಎಂದರು. ಅತ್ತೆ ಆ ಮಾತನ್ನು ಈಗ ಮೆಟ್ಟಿಲಿನಲ್ಲಿ ಎಲ್ಲರಿಗೂ ಹೇಳುತ್ತಿದ್ದಾರೆ, ತಾವೇ ಆಪರೇಷನ್ ಮಾಡಿ ಬಂದವರ ಹಾಗೆ. ಹಾಲಿನವನಿಗೆ ಮೊದಲು.

ಗುಂಡಮ್ಮನ ಅಮ್ಮ


೪ ಜುಲೈ

ಗುಂಡಮ್ಮನ ಅಮ್ಮನಿಗೆ,

ಈಗ ಬರುವುದು ಎಲ್ಲಕ್ಕಿಂತ ಕಷ್ಟದ ಕಾಲ. ನರ ದಿನಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರಿನ ಹಾಗೆ ತೆವಳುತ್ತದೆ. ಕತ್ತಿನಿಂದ ತೋಳಿನ ಸ್ನಾಯುವಿನ ತನಕ ಹೋಗಬೇಕು. ತಿಂಗಳುಗಟ್ಟಲೆ ಹೊರಗೆ ಏನೂ ಕಾಣುವುದಿಲ್ಲ. ಇಲ್ಲವೇ ಇಲ್ಲ ಎಂದೂ ಆಗಬಹುದು. ಎಲ್ಲ ಮಕ್ಕಳಲ್ಲೂ ಒಂದೇ ಸಮ ಬರುವುದಿಲ್ಲ, ಮಾತು ಕೊಡಲಾರೆ.

ಕಟ್ಟು ಬಿಚ್ಚಿದ ಮೇಲೆ ಕೀಲುಗಳು ಬಿಗಿಯಾಗದ ಹಾಗೆ ದಿನಾ ನೀವೇ ಮಡಚಿ ಚಾಚಿಸಿ. ಅದು ವ್ಯಾಯಾಮ, ಆಗ ನಿಮ್ಮ ಕೈ ಇರಲಿ. ಆಟದ ಹೊತ್ತಿನಲ್ಲಿ ಬೇಡ.

ಬರೆಯಲು ಏನೂ ಇರುವುದಿಲ್ಲ. ಆದರೂ ಬರೆಯಿರಿ.

ಥೆರಪಿಸ್ಟ್


೧೫ ಸೆಪ್ಟೆಂಬರ್

ಮೇಡಂ,

ಕೈ ಏನೂ ಮಾಡಲಿಲ್ಲ. ವ್ಯಾಯಾಮ ತಪ್ಪಿಲ್ಲ. ಆಟದ ಹೊತ್ತಿನಲ್ಲಿ ಅತ್ತೆ ತಮ್ಮ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಾರೆ, ನಂಬಿಕೆ ಇಲ್ಲವಂತೆ ಅವುಗಳ ಮೇಲೆ.

ಗುಂಡಮ್ಮನ ಅಮ್ಮ


೭ ನವೆಂಬರ್

ಮೇಡಂ,

ಕೈ ಏನೂ ಮಾಡಲಿಲ್ಲ. ಗುಂಡಮ್ಮ ನಡೆದಳು. ಬಾಗಿಲಿನಿಂದ ಮಂಚದ ತನಕ.

ಇದನ್ನು ಬರೆಯುವಾಗ ಮೊದಲು ಕೈ, ಆಮೇಲೆ ನಡಿಗೆ ಎಂದು ಬರೆದಿದ್ದೇನೆ ನೋಡಿ. ನನ್ನ ಗಂಡ ಬೈದರು. "ಮಗು ನಡೆದಿದೆ ಕಣೇ! ಇವತ್ತಾದ್ರೂ ಎಡ ಬಲ ಅನ್ನದೆ ಪೂರ್ತಿ ಮಗು ನೋಡು" ಎಂದರು. ನೋಡಿದೆ. ಎರಡು ಹೆಜ್ಜೆಗೊಮ್ಮೆ ನಿಂತು ತನಗೆ ತಾನೇ ನಗುತ್ತಾಳೆ.

ಗುಂಡಮ್ಮನ ಅಮ್ಮ


೧೫ ನವೆಂಬರ್

ಗುಂಡಮ್ಮನ ಅಮ್ಮನಿಗೆ,

ನಡೆದವಳು ಬಿದ್ದೂ ಇರಬೇಕು. ಬಿದ್ದಾಗ ಯಾವ ಕೈ ಊರಿದಳು?

(ಗಂಡನ ಮಾತು ಸರಿ. ಆದರೆ ಯಾವ ಕೈ?)

ಥೆರಪಿಸ್ಟ್


೩೦ ನವೆಂಬರ್

ಮೇಡಂ,

ಬಲಗೈ. ಎಡಗೈ ಊರಲಿಲ್ಲ. ಗಲ್ಲಕ್ಕೆ ಪೆಟ್ಟಾಯಿತು.

ಒಂದು ಮಾತು ಬರೆಯಬೇಕು, ಬರೆದರೆ ಹಗುರಾಗುತ್ತದೆ. ಈ ಕೈ ಏನೂ ಮಾಡದೇ ಉಳಿದರೆ? ಇದನ್ನು ಮನೆಯಲ್ಲಿ ಯಾರೆದುರೂ ಹೇಳಿಲ್ಲ. ನಿಮಗೆ ಬರೆಯಲು ಮಾತ್ರ ಭಯವಾಗುವುದಿಲ್ಲ, ಏಕೆಂದರೆ ನೀವು "ಹಾಗೇನೂ ಆಗಲ್ಲ" ಎನ್ನುವುದಿಲ್ಲ. ಅದಕ್ಕೆ ನಾನು ಎಷ್ಟು ಕೃತಜ್ಞಳೋ ನಿಮಗೆ ಗೊತ್ತಿಲ್ಲ. ಹೋದ ವರ್ಷ ಈ ಹೊತ್ತಿಗೆ ನಿಮಗೆ ಪುಟಗಟ್ಟಲೆ ಧನ್ಯವಾದ ಬರೆಯುತ್ತಿದ್ದೆ. ಅದು ಧನ್ಯವಾದವಾಗಿರಲಿಲ್ಲ, ಲಂಚವಾಗಿತ್ತು: ಇಷ್ಟು ಹೇಳುತ್ತೇನೆ, ನನ್ನ ಮಗುವನ್ನು ಪಾಸು ಮಾಡಿ ಎಂದು.

ಗುಂಡಮ್ಮನ ಅಮ್ಮ


೧೦ ಡಿಸೆಂಬರ್

ಗುಂಡಮ್ಮನ ಅಮ್ಮನಿಗೆ,

ಏನೂ ಮಾಡದೇ ಉಳಿದರೆ, ಆ ಕೈ ಹಿಡಿಯುವ ಕೈಯಾಗಿ ಉಳಿಯುತ್ತದೆ. ಅವಳ ಬೆರಳು ಚೆನ್ನಾಗಿವೆ. (ನನ್ನ ನಿಯಮವನ್ನು ನಾನೇ ಮುರಿದೆ.) ಒಂದು ಕೈ ಕಾಗದವನ್ನು ಅದುಮಿ ಹಿಡಿದರೆ ಇನ್ನೊಂದು ಬರೆಯುತ್ತದೆ. ಒಂದು ಡಬ್ಬ ಹಿಡಿದರೆ ಇನ್ನೊಂದು ಮುಚ್ಚಳ ತೆಗೆಯುತ್ತದೆ. ನನ್ನ ಚಾಪೆಗೆ ಬಂದು ಹೋದ ಎಷ್ಟೋ ಮಕ್ಕಳು ಹಾಗೆ ಬದುಕು ನಡೆಸುತ್ತಿದ್ದಾರೆ, ಅವರಲ್ಲೊಬ್ಬಳು ಈಗ ದರ್ಜಿ. ಅಳತೆ ತಪ್ಪುವುದಿಲ್ಲ.

ಆದರೆ ಇನ್ನೂ ಕಾಯುವ ಕಾಲ ಮುಗಿದಿಲ್ಲ.

ನಿಮಗೂ ಒಂದು ಹೇಳಬೇಕು. ಈಗ ಹೊಸದಾಗಿ ಬರುವ ಪ್ರತಿ ತಾಯಿಗೂ ಆಸರೆ ಕೊಡುವುದನ್ನು ಕಲಿಸಿದ ಕೂಡಲೇ, ಅದನ್ನು ಯಾವಾಗ ತೆಗೆಯಬೇಕು ಎಂಬುದನ್ನೂ ಕಲಿಸುತ್ತೇನೆ. ಕೆಲವರು ಯಾಕೆ ಎಂದು ಕೇಳುತ್ತಾರೆ. ಒಬ್ಬರು ನನಗೆ ಕಲಿಸಿದರು ಎನ್ನುತ್ತೇನೆ.

ಥೆರಪಿಸ್ಟ್


೨೬ ಫೆಬ್ರವರಿ

ಮೇಡಂ,

ನಿನ್ನೆ ಮಧ್ಯಾಹ್ನ ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಒದ್ದೆ ಚಾದರದ ಎರಡು ತುದಿ ನನ್ನ ಎರಡು ಕೈಯಲ್ಲಿ. ಅತ್ತೆ ಒಳಗೆ ಮಲಗಿದ್ದರು. ಗುಂಡಮ್ಮ ಊಟ ಬೇಡ ಎಂದು ರಂಪ ಮಾಡಿ, ಸುಸ್ತಾಗಿ, ಹೊಸ್ತಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಬಲಗೈಯಲ್ಲಿ ಬಟ್ಟೆ ಕ್ಲಿಪ್ಪುಗಳ ಬುಟ್ಟಿಯನ್ನು ಯಾರಿಗೂ ಕೊಡದ ಹಾಗೆ ಅಪ್ಪಿ ಹಿಡಿದಿದ್ದಳು. ಹತ್ತಿರ ಯಾರೂ ಇರಲಿಲ್ಲ. ಯಾರೂ ಏನೂ ಕೊಟ್ಟಿರಲಿಲ್ಲ. ಅವಳಿಗೆ ನಿದ್ದೆ ಬಂದಿತ್ತು, ಅಷ್ಟೇ.

ಕೈ ಏನು ಮಾಡಿತು: ಎಡಗೈ ತೊಡೆಯ ಮೇಲಿಂದ ಎದ್ದಿತು. ಮೊಣಕೈ ಮಡಚಿತು. "ಹಾಗೆ" ಅಲ್ಲ, ಮಡಚಿತು. ಭುಜ ಸ್ವಲ್ಪ ಹೊರಕ್ಕೆ ಎದ್ದಿತ್ತು, ಕತ್ತು ಒಂದಿಷ್ಟು ಕೆಳಗೆ ಬಂದಿತ್ತು, ಅದನ್ನೂ ಬರೆಯುತ್ತಿದ್ದೇನೆ. ಮಧ್ಯದಲ್ಲಿ ಒಮ್ಮೆ ನಡುಗಿ ನಿಂತಿತು, ಬಿದ್ದೇ ಹೋಯಿತು ಎಂದುಕೊಂಡೆ. ಬೀಳಲಿಲ್ಲ. ಮುಷ್ಟಿಯ ಬೆನ್ನು ಕಣ್ಣಿನ ತನಕ ಹೋಯಿತು. ಅವಳು ಕಣ್ಣುಜ್ಜಿಕೊಂಡಳು.

ಇದನ್ನು ಅವಳಿಗೆ ಯಾರು ಕಲಿಸಿದರು ಮೇಡಂ? ಒಂದೂವರೆ ವರ್ಷದಿಂದ ಬಿಸ್ಕತ್ತು, ಗಿಲಕಿ, ಬಳೆ ಎಂದು ಏನೇನೋ ಆ ಕೈಗೆ ಕೊಟ್ಟಿದ್ದೇವೆ. ಕಣ್ಣುಜ್ಜಿಕೋ ಎಂದು ಯಾರೂ ಹೇಳಿರಲಿಲ್ಲ.

ನಾನು ಕೂಗಲಿಲ್ಲ. ಅತ್ತೆಯನ್ನು ಎಬ್ಬಿಸಲಿಲ್ಲ. ಓಡಿಹೋಗಿ ಎತ್ತಿಕೊಂಡು ಮಲಗಿಸಬೇಕಿತ್ತು, ಅಷ್ಟು ನಿದ್ದೆ ಬಂದಿತ್ತು ಪಾಪ. ಎತ್ತಿಕೊಳ್ಳಲಿಲ್ಲ. ಚಾದರದಿಂದ ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಮತ್ತೊಂದು ಸಲ ಉಜ್ಜಿಕೊಳ್ಳುತ್ತಾಳೇನೋ ಎಂದು ಅಲ್ಲೇ ನಿಂತು ಕಾದೆ.

ಉಜ್ಜಿಕೊಂಡಳು.

ಗುಂಡಮ್ಮನ ಅಮ್ಮ